ತಕ್ಕಡಿಯ ಮುಳ್ಳಿನ ಮೇಲೆ ಹೆಬ್ಬೆರಳು

ನಾನು ನಿಂತದ್ದು ಅಂಗಡಿಯ ಮೊದಲ ಮೆಟ್ಟಿಲ ಮೇಲೆ. ಎಡಗಾಲು ಮೆಟ್ಟಿಲ ಮೇಲಿತ್ತು, ಬಲಗಾಲು ಇನ್ನೂ ಓಣಿಯ ನೆಲದಲ್ಲಿತ್ತು. ಊರು ಬನಹಟ್ಟಿ, ನೇಕಾರರ ಓಣಿ. ಸೇರು ಹೋಗಿ ಕಿಲೋ ಕಡ್ಡಾಯವಾದ ಮರುವರ್ಷ, ಶ್ರಾವಣ ಕಳೆದ ಮೇಲಿನ ಒಂದು ಬುಧವಾರ. ಸಾಲೆಯಲ್ಲಿ ಪ್ರಾರ್ಥನೆ ಮುಗಿದು ಅರ್ಧ ತಾಸಾಗಿತ್ತು. ಅಂಗಡಿ ಪೂರ್ವಕ್ಕೆ ಮುಖ ಮಾಡಿದ್ದರಿಂದ ಬಿಸಿಲು ನನ್ನ ಬೆನ್ನಿಗೆ ಬೀಳುತ್ತಿತ್ತು, ತಕ್ಕಡಿಯ ಮೇಲೂ ಬೀಳುತ್ತಿತ್ತು. ನನ್ನ ಕಣ್ಣಿಗೂ ತಕ್ಕಡಿಯ ಮುಳ್ಳಿಗೂ ನಡುವೆ ಒಂದು ಮಾರು, ಅದಕ್ಕಿಂತ ಹೆಚ್ಚಿಲ್ಲ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಇದೇ ಸಂಗತಿಯನ್ನು ಅಂದು ಒಂದು ಕಾಗದದ ಮೇಲೆ ಹೇಳಿ ಸಹಿ ಮಾಡಿದ್ದೆ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೆ ಅದನ್ನು ಓದಿದವರಿಗೆ ತಿಳಿಯುತ್ತಿದ್ದದ್ದು ಸುಳ್ಳು.

ಅಂಗಡಿಯವರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು. ನಾಲ್ಕೈದು ವರ್ಷದವರಿದ್ದಾಗ ಸಿಡುಬು ಬಂದು ಅವರ ಎರಡೂ ಕಣ್ಣು ಹೋಗಿದ್ದವು. ಮನೆತನ ನೇಕಾರಿಕೆಯದು. ಅಣ್ಣತಮ್ಮಂದಿರು ಮಗ್ಗಕ್ಕೆ ಕುಳಿತರು. ಇವರ ವಿಷಯದಲ್ಲಿ ಹಿರಿಯರು ಕೂಡಿ ಮಾತಾಡಿ, ಗುಡಿಯ ಕಟ್ಟೆಯ ಮೇಲೆ ಒಂದು ಚಾಪೆ ಹಾಸಿಕೊಟ್ಟರೆ ಊಟಕ್ಕೆ ತೊಂದರೆ ಇಲ್ಲ ಎಂದು ಗೊತ್ತುಮಾಡಿದರಂತೆ.

"ಎಂಟ ದಿನಾ ಕುಂತಿದ್ನಿ ಮಾಸ್ತರ," ಎಂದು ಕಾಕಾ ನನಗೆ ಹೇಳಿದ್ದರು. "ಒಂಬತ್ತನೇ ದಿನಾ ಚಾಪಿ ಸುತಗೊಂಡ ಮನಿಗಿ ಬಂದ್ನಿ. ಮಂದಿ ಕೈಯಾಗ ಹಾಕಿದ್ದನ್ನ ತಗೊಳ್ಳೋ ಕೈ ಅಲ್ಲ ಇದು. ಅಳದ ಕೊಡೋ ಕೈ."

ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕನನ್ನು ಜೊತೆ ಮಾಡಿಕೊಂಡು, ಮನೆಯ ಮುಂದಿನ ಪಡಸಾಲೆಯಲ್ಲಿ ಅವರು ಕಿರಾಣಿ ಅಂಗಡಿ ಇಟ್ಟರು. ಜೋಳ, ಬೇಳೆ, ಉಪ್ಪು, ಬೆಲ್ಲ, ಚುರಮುರಿ. ಸೇರಿನ ಕಾಲದಲ್ಲಿ ಅವರ ವ್ಯಾಪಾರದ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ. ಸೇರನ್ನು ತುಂಬಿ ಅದರ ಬಾಯಿಯ ಮೇಲೆ ಅಂಗೈ ಎಳೆಯುತ್ತಿದ್ದರು. ಹೆಚ್ಚಿನದು ಚೀಲಕ್ಕೆ ಬೀಳುತ್ತಿತ್ತು, ಉಳಿದದ್ದು ಸಮ. ಅಂಗೈಗೆ ತಿಳಿಯುತ್ತಿದ್ದುದೇ ಗಿರಾಕಿಯ ಕಣ್ಣಿಗೂ ಕಾಣುತ್ತಿತ್ತು. ಅಲ್ಲಿ ಕುರುಡರಿಗೂ ಕಣ್ಣಿದ್ದವರಿಗೂ ವ್ಯತ್ಯಾಸವಿರಲಿಲ್ಲ.

ಆಮೇಲೆ ಕಿಲೋ ಬಂತು. ಕಾಳುಕಡಿಯನ್ನು ಸೇರಿನಿಂದ ಅಳೆದು ಮಾರಕೂಡದು, ತೂಗಿಯೇ ಕೊಡಬೇಕು ಎಂದಾಯಿತು. ನಾನಾಗ ಕನ್ನಡ ಸಾಲೆಗೆ ಹೊಸದಾಗಿ ಬಂದ ಮಾಸ್ತರ. ಜನರಿಗೆ ಹೊಸ ತೂಕ ತಿಳಿಸಿ ಹೇಳಿರಿ ಎಂದು ನಮಗೆಲ್ಲ ಒಂದೊಂದು ಓಣಿ ಹಂಚಿದ್ದರು. ನೇಕಾರರ ಓಣಿ ನನ್ನ ಪಾಲಿಗೆ ಬಂತು.

ಕಾಕಾ ತೂಕದ ಕಲ್ಲುಗಳನ್ನು ಒಂದೇ ಮಧ್ಯಾಹ್ನದಲ್ಲಿ ಗುರುತು ಹಿಡಿದರು. ಆರು ಮೂಲೆಯ ಕಬ್ಬಿಣದ ಕಲ್ಲುಗಳು. ಎಲ್ಲವನ್ನೂ ತಿರುವಿ, ತಳದಲ್ಲಿ ಸೀಸ ತುಂಬಿದ ಕುಳಿಯನ್ನು ಉಗುರಿನಿಂದ ಕೆದರಿ, "ಇದರಾಗ ಸರ್ಕಾರದ ಮುದ್ರಿ ಐತಿ, ಹೌದಲ್ರಿ?" ಎಂದರು. ತೊಡಕಾದದ್ದು ತಕ್ಕಡಿಯ ಮುಳ್ಳು. ದಂಡಿಗೆಯ ನಡುವಿನಿಂದ ಮೇಲಕ್ಕೆ ಚಾಚಿದ ಮುಳ್ಳು, ಅದರ ಎರಡೂ ಬದಿಗೆ ಹಿಡಿಕೆಯ ಎರಡು ಪಟ್ಟಿ. ತೂಕ ಸರಿಯಾದಾಗ ಮುಳ್ಳು ಪಟ್ಟಿಗಳ ನಡುವೆ ಅಡಗಿ ನಿಲ್ಲುತ್ತದೆ. ನೋಡುವವರಿಗೆ ಅದೊಂದು ಕ್ಷಣದ ಕೆಲಸ. ನೋಡಲಾಗದವರು ಏನು ಮಾಡಬೇಕು?

ನಾನೇ ಹೇಳಿದೆ. ಅವರ ಬಲಗೈ ಹಿಡಿದು ಹೆಬ್ಬೆರಳನ್ನು ಮುಳ್ಳಿನ ಮೇಲೆ ಇಟ್ಟು, "ಕಾಕಾ, ಹಗೂರಕ ಸವರ್ರಿ. ಮುಳ್ಳು, ಎರಡು ಪಟ್ಟಿ, ಮೂರೂ ಒಂದೇ ಸಾಲಿನಾಗ ಹತ್ತಿದರ ತೂಕ ಸರಿ. ಮುಳ್ಳು ಹೊರಗ ಹತ್ತಿದರ ಸರಿ ಇಲ್ಲ," ಎಂದೆ.

ಅದಕ್ಕೆ ಅವರು ತಮ್ಮದೊಂದು ಕ್ರಮ ಕೂಡಿಸಿಕೊಂಡರು. ಮೊದಲು ಒಂದು ಸಲ ಮುಟ್ಟುವುದು, ಓಲಾಡುವ ತಕ್ಕಡಿ ನಿಲ್ಲಲಿ ಎಂದು. ಬೆರಳು ತೆಗೆದು, ಉಸಿರು ಬಿಡುವಷ್ಟು ಹೊತ್ತು ಕಾದು, ಮತ್ತೆ ಮುಟ್ಟುವುದು. ಎರಡನೆಯ ಸಲ ತಿಳಿದದ್ದರ ಮೇಲೆ ಕಾಳು ಹಾಕುವುದು ಅಥವಾ ತೆಗೆಯುವುದು. "ಮೊದಲನೇದು ನಿಂದ್ರಸಾಕ, ಎರಡನೇದು ಕೇಳಾಕ," ಎನ್ನುತ್ತಿದ್ದರು. ನಾನು ಕಲಿಸಿದ ದಿನ ಹತ್ತು ಸಲ ತೂಗಿಸಿ ನೋಡಿದ್ದೆ. ಹತ್ತೂ ಸಲ ಸರಿ ಇತ್ತು.

ಆದರೆ ಹೆಬ್ಬೆರಳು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಸೇರಿನ ಮೇಲೆ ಅಂಗೈ ಎಳೆದಾಗ ಸುಮ್ಮನಿದ್ದವರಿಗೆ ತಕ್ಕಡಿಗೆ ಬೆರಳು ತಾಗುವುದು ಸರಿ ಕಾಣಲಿಲ್ಲ.

"ಕಾಕಾ, ಬ್ಯಾಳಿ ಅಷ್ಟ ತೂಗ್ರಿ. ನಿಮ್ಮ ಹೆಬ್ಬಟ್ಟು ನಮಗ ಬ್ಯಾಡ," ಎಂದು ಹೆಣ್ಣುಮಕ್ಕಳು ಕಾಡುತ್ತಿದ್ದರು.

"ಹೆಬ್ಬಟ್ಟು ಬ್ಯಾಡಾದ್ರ ನಿನ್ನ ಎರಡೂ ಕಣ್ಣ ಇಲ್ಲೇ ಇಟ್ಟ ಹೋಗವಾ. ಸಂಜೀಕ ಬಂದ ತಿರುಗಿ ಒಯ್ಯುವಂತಿ," ಎನ್ನುತ್ತಿದ್ದರು ಕಾಕಾ.

ಮೊದಮೊದಲು ಇದು ನಗೆಯಾಗಿತ್ತು. ಒಂದೆರಡು ತಿಂಗಳಲ್ಲಿ ನಗೆ ಕಡಿಮೆಯಾಯಿತು, ಮಾತು ಉಳಿಯಿತು. ಅವನಿಗೆ ಅಷ್ಟಿಷ್ಟು ಕಾಣಿಸುತ್ತದೆ, ಇಲ್ಲವಾದರೆ ಚಿಲ್ಲರೆ ಹೇಗೆ ಗುರುತು ಹಿಡಿಯುತ್ತಾನೆ ಎಂದು ಒಬ್ಬರು. ಕುರುಡನಾದವನಿಗೆ ಯಾರೂ ಏನೂ ಅನ್ನಲಾರರು ಎಂಬ ಧೈರ್ಯ ಅವನಿಗೆ ಎಂದು ಇನ್ನೊಬ್ಬರು. ಯಾರು ಮೊದಲು ಅಂದರೋ ಗೊತ್ತಿಲ್ಲ. ನಾನು ಕೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ.

ನನ್ನ ಮನೆಯಲ್ಲಿ ಆದದ್ದನ್ನೂ ಬರೆಯಬೇಕು. ನನ್ನ ತಾಯಿ ಹಳೆಯ ಸೇರನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟುಕೊಂಡಿದ್ದಳು. ಸರ್ಕಾರದವರು ಮನೆಯೊಳಗೆ ಬಂದು ನೋಡುತ್ತಾರೇನು ಎಂದು ಅವಳ ವಾದ. ಒಂದು ದಿನ ಕಾಕಾನ ಅಂಗಡಿಯಿಂದ ತಂದ ಒಂದು ಕಿಲೋ ತೊಗರಿಬೇಳೆಯನ್ನು ಸೇರಿಗೆ ಸುರಿದಳು. ಬೇಳೆ ಸೇರಿನ ಬಾಯಿಗೆ ಎರಡು ಬೆರಳು ಕೆಳಗೇ ನಿಂತಿತು.

"ನೋಡಪಾ ಮಾಸ್ತರ," ಎಂದಳು. ಸಿಟ್ಟು ಬಂದಾಗ ನನ್ನನ್ನು ಹಾಗೆ ಕರೆಯುತ್ತಿದ್ದಳು. "ಎರಡ ಬೆರಳ ಎಲ್ಲಿ ಹೋತು? ಒಂದ ಹೆಬ್ಬಟ್ಟ ಎರಡ ಬೆರಳ ನುಂಗೇತಿ."

ನಾನು ಸೇರಿನೊಳಗೆ ಬಗ್ಗಿ ನೋಡಿದೆ. ಮರುವಾರ ಮತ್ತೆ ನೋಡಿದೆ. ಅಷ್ಟೇ ಎರಡು ಬೆರಳು. ಅಂದಿನಿಂದ ಕಾಕಾನ ಅಂಗಡಿಗೆ ಹೋದಾಗ ಮಾತಾಡುತ್ತ ಮಾತಾಡುತ್ತ ಅವರ ಹೆಬ್ಬೆರಳನ್ನೇ ನೋಡತೊಡಗಿದೆ. ಉಗುರಿನ ಬುಡ ಬೆಳ್ಳಗಾಗುತ್ತದೆಯೇ, ಅಂದರೆ ಒತ್ತುತ್ತಾರೆಯೇ ಎಂದು. ಕೆಲವೊಮ್ಮೆ ಬೆಳ್ಳಗಾದಂತೆ ಕಾಣುತ್ತಿತ್ತು. ನಾನು ಕಲಿಸಿದ ಉಪಾಯವನ್ನು ಇವರು ಮೋಸಕ್ಕೆ ತಿರುಗಿಸಿಕೊಂಡರೇ ಎನಿಸಿ, ಅವರ ಮೇಲೆ ಹೇಳಲಾಗದಂಥ ಸಿಟ್ಟು ಬಂತು. ಒಂದು ಸಂಜೆ ಚಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಆಡಿಯೂ ಬಿಟ್ಟೆ. "ಕಿಲೋ ಬ್ಯಾಳಿ ಮನಿ ಸೇರಿಗಿ ಹಾಕಿದರ ಎರಡ ಬೆರಳ ಕಡಿಮಿ ಬೀಳತೈತಿ."

ಅದಾಗಿ ಇಪ್ಪತ್ತು ದಿನಕ್ಕೆ ಆ ಬುಧವಾರ.

ತೂಕ ಅಳತೆಯ ಸಾಹೇಬರು ಜಮಖಂಡಿಯಿಂದ ಮೊದಲ ಬಸ್ಸಿಗೆ ಬಂದವರು ನೇರ ಸಾಲೆಗೆ ಬಂದರು. ಕಾಕಾನ ಅಂಗಡಿಯ ತೂಕದ ಮೇಲೆ ಅರ್ಜಿ ಬಂದಿದೆ, ಪಂಚನಾಮೆಗೆ ಓದುಬರಹ ಬಲ್ಲ ಒಬ್ಬ ಸರ್ಕಾರಿ ನೌಕರ ಬೇಕು ಎಂದರು. ಹೆಡ್ ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ದಾರಿಯಲ್ಲಿ ಸಾಹೇಬರು ಮತ್ತೊಬ್ಬ ಪಂಚನನ್ನು ಹಿಡಿದರು. ಕಾಕಾನ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಹೊಲಿಗೆ ಮಶಿನ್ ಇಟ್ಟುಕೊಂಡಿದ್ದ ಸಿಂಪಿಗ, ಆಗ ಇನ್ನೂ ಮದುವೆಯಾಗದ ಹುಡುಗ. ಅವನಿಗೆ ಅಲ್ಲೇ ಕುಳಿತು ನೋಡು ಎಂದರು. ನನಗೆ, "ಮಾಸ್ತರ, ನೀವು ಮೆಟ್ಟಿಲ ಹತ್ತಿರ ನಿಲ್ಲಿರಿ. ಮಾತಾಡಬೇಡಿರಿ, ನೋಡಿರಿ ಅಷ್ಟೆ," ಎಂದರು.

ಅಂಗಡಿಯಲ್ಲಿ ಆಗ ಒಬ್ಬಳೇ ಗಿರಾಕಿ. ಅದೇ ವರ್ಷ ಓಣಿಗೆ ಸೊಸೆಯಾಗಿ ಬಂದ ನೇಕಾರರ ಹೆಣ್ಣುಮಗಳು. ಒಂದು ಕಿಲೋ ತೊಗರಿಬೇಳೆ ಕೇಳಿದ್ದಳು. ಸಾಹೇಬರು ಅವಳ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅವಳು ಸೆರಗು ಬಾಯಿಗೆ ಹಿಡಿದಳು.

ಕಣ್ಣಿದ್ದ ವ್ಯಾಪಾರಿಯ ಮುಂದೆ ಇದು ನಡೆಯುತ್ತಿರಲಿಲ್ಲ. ನಾವು ಬಂದದ್ದನ್ನು ಅವನು ನೋಡುತ್ತಿದ್ದ. ಇಲ್ಲಿ ನಾವು ಅಡಗಿ ನಿಲ್ಲಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.

ಕಾಕಾ ಕಲ್ಲು ಇಟ್ಟರು. ಬೇಳೆ ಸುರಿದರು. ಸುರಿಯುತ್ತಿದ್ದ ಕೈ ನಿಲ್ಲಿಸಿ ತಲೆ ಎತ್ತಿದರು. ನನ್ನ ನೆರಳು ಅವರ ಮುಂಗೈ ಮೇಲೆ ಬಿದ್ದಿತ್ತು. ಬೆಳಗಿನ ಬಿಸಿಲು ಅಲ್ಲಿ ತಪ್ಪಿದ್ದು ಅವರಿಗೆ ತಿಳಿಯಿತು.

"ಬಿಸಲಿಗಿ ಅಡ್ಡ ಯಾರ ನಿಂತೀರಿ?" ಎಂದರು.

ಯಾರೂ ಮಾತಾಡಲಿಲ್ಲ.

"ಯಾರವಾ ಅದು?" ಎಂದು ಹೆಣ್ಣುಮಗಳನ್ನು ಕೇಳಿದರು. ಅವಳು ಸಾಹೇಬರ ಮುಖ ನೋಡಿದಳು, ಆಮೇಲೆ ನನ್ನ ಮುಖ. "ನಾನ, ಕಾಕಾ" ಎಂಬ ಎರಡು ಮಾತು ನನ್ನ ಬಾಯಲ್ಲಿದ್ದವು. ನಾನು ಆಡಲಿಲ್ಲ. ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೆರಳು ಅಲ್ಲೇ ಇತ್ತು.

ಕಾಕಾ ಸ್ವಲ್ಪ ಹೊತ್ತು ಕಾದು, ಬಲಗೈ ಎತ್ತಿ, ಹೆಬ್ಬೆರಳನ್ನು ಮುಳ್ಳಿನ ಮೇಲೆ ಇಟ್ಟರು. ಅದು ಮೊದಲನೆಯ ಸಲ ಮುಟ್ಟಿದ್ದು. ಸಾಹೇಬರು ಒಂದೇ ಹೆಜ್ಜೆಗೆ ಮೇಲೇರಿ ಅವರ ಮಣಿಕಟ್ಟು ಹಿಡಿದು, "ಹಾಂ, ಸಾಕು. ಕೈ ತೆಗೆ," ಎಂದರು.

ತಟ್ಟೆಯಲ್ಲಿದ್ದ ಬೇಳೆಯನ್ನು ಸಾಹೇಬರು ತಾವು ತಂದ ತಕ್ಕಡಿಯಲ್ಲಿ ತೂಗಿದರು. ಒಂದು ಬೊಗಸೆಯಷ್ಟು ಕಡಿಮೆ ಬಿತ್ತು. ಬೀಳಲೇಬೇಕು. ಕಾಕಾ ಇನ್ನೂ ಎರಡನೆಯ ಸಲ ಮುಟ್ಟಿರಲಿಲ್ಲ, ಕಡಿಮೆ ಇದ್ದದ್ದನ್ನು ಹಾಕಿರಲಿಲ್ಲ. ಇದು ಆ ಅಂಗಡಿಯಲ್ಲಿ ನಿಂತವರ ಪೈಕಿ ನನಗೊಬ್ಬನಿಗೇ ಖಚಿತವಾಗಿ ಗೊತ್ತಿತ್ತು.

ಸಾಹೇಬರು ಪಡಸಾಲೆಯಲ್ಲೇ ಕುಳಿತು ಬರೆದರು. ಮೊದಲು ಅರ್ಜಿಯನ್ನು ಓದಿ ಹೇಳಿದರು. ಅದಕ್ಕೆ ಸಹಿ ಇರಲಿಲ್ಲ. "ಕಿಲೋ ಬೇಳೆ ಮನೆಯ ಸೇರಿಗೆ ಹಾಕಿದರೆ ಎರಡು ಬೆರಳು ಕಡಿಮೆ ಬೀಳುತ್ತದೆ" ಎಂಬ ಸಾಲು ಬಂದಾಗ ನನಗೆ ಕಿವಿ ಬಿಸಿಯಾಯಿತು. ಬರೆದವರು ಯಾರೋ ಇಂದಿಗೂ ತಿಳಿಯದು. ಎದುರಿನ ಸಾಲಿನ ದೊಡ್ಡ ಅಂಗಡಿಯವನೇ ಎಂದು ಬಹಳ ದಿನ ಅಂದುಕೊಂಡಿದ್ದೆ, ಅದಕ್ಕೆ ನನ್ನಲ್ಲಿ ಆಧಾರವಿಲ್ಲ. ಮಾತು ಮಾತ್ರ ನನ್ನದು.

"ಈ ಬೆರಳು ಇಡುವುದನ್ನು ಯಾರು ಕಲಿಸಿದರು ನಿನಗೆ?" ಎಂದು ಸಾಹೇಬರು ಕೇಳಿದರು.

ಕಾಕಾ ಮುಖವನ್ನು ಮೆಟ್ಟಿಲ ಕಡೆ ತಿರುಗಿಸಿದರು. ನಾನು ಅಷ್ಟು ಹೊತ್ತೂ ಒಂದು ಮಾತು ಆಡಿರಲಿಲ್ಲ. "ನನಗ ನಾನ ಕಲತೇನ್ರಿ ಸಾಹೇಬರ," ಎಂದರು.

ಆಮೇಲೆ ಸಾಹೇಬರು, "ಮಾಸ್ತರ, ಬರ್ರಿ, ಸಹಿ ಮಾಡ್ರಿ," ಎಂದಾಗ ಕಾಕಾ ತಮಗೆ ತಾವೇ ಎಂಬಂತೆ ಹೇಳಿದರು, "ಚಪ್ಪಲಿ ಸಪ್ಪಳ ಕೇಳಿದಾಗನ ಅನಿಸಿತ್ತು ಬಿಡ್ರಿ." ಹೆಬ್ಬೆರಳು ಮುಳ್ಳಿನ ಮೇಲೆ ಇದ್ದುದನ್ನು ಕಣ್ಣಾರೆ ಕಂಡೆ ಎಂದು ಬರೆದಿತ್ತು. ಸಹಿ ಮಾಡಿದೆ. ತಕ್ಕಡಿಯನ್ನೂ ಕಲ್ಲುಗಳನ್ನೂ ಗೋಣಿಚೀಲದಲ್ಲಿ ಹಾಕಿ ಬಾಯಿಗೆ ಅರಗಿನ ಮುದ್ರೆ ಒತ್ತಿ ಒಯ್ದರು.

ಅಂಗಡಿ ಮುಚ್ಚಿತು. ಅಕ್ಕ ಪಕ್ಕದ ಮನೆಯಲ್ಲಿ ಮಗ್ಗದ ನೂಲಿನ ಕಂಡಿಕೆ ಸುತ್ತಲು ಹೋಗತೊಡಗಿದಳು. ಕಾಕಾ ಮುಚ್ಚಿದ ಬಾಗಿಲ ಮುಂದೆ ಕುಳಿತಿರುತ್ತಿದ್ದರು. ಅಣ್ಣನೊಬ್ಬ ಬಂದು, ಗುಡಿಯ ಕಟ್ಟೆಗೆ ಹೋದರೆ ಹೊತ್ತಾದರೂ ಹೋದೀತು ಎಂದು ಹೇಳಿದ್ದನ್ನು ಸಿಂಪಿಗ ತನ್ನ ಕಟ್ಟೆಯಿಂದ ಕೇಳಿಸಿಕೊಂಡ. ಚಾಪೆಯ ಮಾತು ಮತ್ತೆ ಬಂದಿತ್ತು.

ಈಗ ನಮ್ಮ ಮನೆಗೆ ಎದುರಿನ ಸಾಲಿನ ದೊಡ್ಡ ಅಂಗಡಿಯಿಂದ ಬೇಳೆ ಬರುತ್ತಿತ್ತು. ಆ ತಕ್ಕಡಿಯ ಹತ್ತಿರ ಯಾರ ಬೆರಳೂ ಸುಳಿಯುತ್ತಿರಲಿಲ್ಲ. ಒಂದು ರವಿವಾರ, ನನ್ನ ಕಣ್ಣೆದುರಿಗೆ, ತಾಯಿ ಆ ಬೇಳೆಯನ್ನು ಸೇರಿಗೆ ಸುರಿದಳು. ಯಾಕೆ ಸುರಿದಳೋ ಗೊತ್ತಿಲ್ಲ, ರೂಢಿಯಾಗಿತ್ತು. ಬೇಳೆ ಸೇರಿನ ಬಾಯಿಗೆ ಎರಡು ಬೆರಳು ಕೆಳಗೆ ನಿಂತಿತು.

"ಇವನೂ ಕಳ್ಳನ!" ಎಂದಳು ತಾಯಿ.

ನಾನು ಸಾಲೆಯಿಂದ ತಕ್ಕಡಿ, ಕಲ್ಲು ತಂದು ಆ ಬೇಳೆಯನ್ನು ತೂಗಿದೆ. ಸರಿಯಾಗಿ ಒಂದು ಕಿಲೋ ಇತ್ತು. ಕಿಲೋ ಅಂದರೆ ಸೇರು ಅಲ್ಲ. ಯಾರು ತೂಗಿದರೂ ಒಂದು ಕಿಲೋ ಬೇಳೆ ನಮ್ಮ ಸೇರನ್ನು ತುಂಬಲಾರದು. ಸಾಲೆಯಲ್ಲಿ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಇದನ್ನೇ ನಾನು ಬರೆದು ಕಲಿಸುತ್ತಿದ್ದೆ. ಓಣಿಯಲ್ಲಿ ಮನೆಮನೆಗೆ ಇದನ್ನೇ ಹೇಳಿ ಬಂದಿದ್ದೆ. ಆದರೂ ಓಣಿಯ ಹೆಣ್ಣುಮಕ್ಕಳೆಲ್ಲ ಒಳಗೊಳಗೆ ಹಳೆಯ ಸೇರಿಗೆ ಸುರಿದೇ ನೋಡುತ್ತಿದ್ದರು. ಸಂಶಯವಿದ್ದದ್ದು ಕಾಕಾನ ಮೇಲೆ, ಹಾಗಾಗಿ ಸುರಿದದ್ದೂ ಕಾಕಾನ ಬೇಳೆಯನ್ನು ಮಾತ್ರ. ಬೇರೆ ಅಂಗಡಿಯದನ್ನು ಯಾರೂ ಸುರಿದು ನೋಡಲಿಲ್ಲ. ನಾನೂ ನೋಡಲಿಲ್ಲ.

ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತೆ. ಉಗುರಿನ ಬುಡ ಬೆಳ್ಳಗಾದದ್ದನ್ನು ನಾನು ನಿಜವಾಗಿ ಕಂಡಿದ್ದೆನೇ? ಇಂದಿಗೂ ಹೇಳಲಾರೆ.

ಜಮಖಂಡಿಗೆ ಹೋಗಿ ಇದನ್ನು ಹೇಳಿಬರಬೇಕೆಂದು ಮರುದಿನ ರಜೆಯ ಅರ್ಜಿ ಕೊಡಲು ಹೋದಾಗ ಹೆಡ್ ಮಾಸ್ತರರು, "ಸಹಿ ಮಾಡಿದ್ದನ್ನ ತಿರುಗಿಸಿ ಹೇಳಿದರ ನಿಮ್ಮ ನೌಕರಿಗೇ ಬಂದೀತು. ವಿಚಾರ ಮಾಡ್ರಿ," ಎಂದರು. ವಿಚಾರ ಮಾಡುತ್ತ ಎಂಟು ದಿನ ಕಳೆದೆ. ಈ ಎಂಟು ದಿನವನ್ನೂ ಬರೆದಿಡಬೇಕು ಎನಿಸಿತು. ಒಂಬತ್ತನೆಯ ದಿನ ಕಾಕಾನ ಮನೆಗೆ ಹೋಗಿ, "ಕಾಕಾ, ಜಮಖಂಡಿಗಿ ನಡೀರಿ," ಎಂದೆ.

"ಈಗರೆ ಮಾತ ಬಂತೇನ್ರಿ ಮಾಸ್ತರ?" ಎಂದರು. ಅಷ್ಟೆ. ಬಸ್ಸಿನಲ್ಲಿ ನನ್ನ ತೋಳು ಹಿಡಿಯಲಿಲ್ಲ, ಕಂಬ ಹಿಡಿದು ನಿಂತರು.

ಸಾಹೇಬರ ಮುಂದೆ ಮೂರು ಸಂಗತಿ ಹೇಳಿದೆ. ಬೆರಳು ಇಡಲು ಕಲಿಸಿದವನು ನಾನು. ಅವರು ಎರಡು ಸಲ ಮುಟ್ಟುತ್ತಾರೆ, ನೀವು ಹಿಡಿದದ್ದು ಮೊದಲನೆಯ ಸಲಕ್ಕೆ. ಅರ್ಜಿಯಲ್ಲಿದ್ದ ಎರಡು ಬೆರಳಿನ ಮಾತು ನನ್ನದು, ಅದು ತಪ್ಪು. ಸಾಹೇಬರು ಕೆಟ್ಟವರಲ್ಲ. "ಅಂದು ಮೆಟ್ಟಿಲ ಮೇಲೆ ನಿಮಗೆ ಗಂಟಲು ಕಟ್ಟಿತ್ತೇನು?" ಎಂದರು. ಆಮೇಲೆ ಕಚೇರಿಯ ತಕ್ಕಡಿ ತರಿಸಿ, ಜೋಳ ತರಿಸಿ, ಕಾಕಾನಿಂದ ಮೂರು ಸಲ ತೂಗಿಸಿದರು. ಮೊದಲ ಸಲ ಮುಟ್ಟಿ ಬೆರಳು ತೆಗೆದರು, ಕಾದರು, ಎರಡನೆಯ ಸಲ ಮುಟ್ಟಿದರು, ನಾಲ್ಕು ಕಾಳು ಹಾಕಿದರು. ಮೂರೂ ಸಲ ಮುಳ್ಳು ನೆಟ್ಟಗೆ ನಿಂತಿತು.

ತಕ್ಕಡಿ ಮರಳಿ ಬಂತು. ನನ್ನಿಂದ ಬರೆಸಿಕೊಂಡ ಎರಡನೆಯ ಹೇಳಿಕೆಯಿಂದ ನನ್ನ ನೌಕರಿಗೇನೂ ಆಗಲಿಲ್ಲ. ಅಂಗಡಿ ಮತ್ತೆ ತೆರೆಯಿತು, ಆದರೆ ಮೊದಲಿನ ಹಾಗೆ ಅಲ್ಲ. ಮಾಸ್ತರನೂ ಕಾಕಾನೂ ಒಳಗಿಂದೊಳಗೆ ಕೂಡಿದ್ದಾರೆ ಎಂದು ಕೆಲವರು ಅಂದರು. ಅದಕ್ಕೆ ಕಾಕಾ ಒಂದು ಹೊಸ ಕ್ರಮ ತಂದರು. ತಾವು ಮುಳ್ಳನ್ನು ಮುಟ್ಟುವುದನ್ನೇ ಬಿಟ್ಟರು. ಬೇಳೆ ಸುರಿದು ಕೈ ಹಿಂದಕ್ಕೆ ತೆಗೆದು, "ನೀವ ನೋಡಿ ಹೇಳ್ರಿ, ಹಾಕಲೋ ತಗೀಲೋ?" ಎಂದು ಗಿರಾಕಿಯನ್ನೇ ಕೇಳುತ್ತಿದ್ದರು. ಹೆಣ್ಣುಮಕ್ಕಳು ನೋಡಿ, "ಸಮ ಐತ್ರಿ ಕಾಕಾ," ಎನ್ನುತ್ತಿದ್ದರು. ಅವರು ಅದನ್ನು ನಂಬಿ ಚೀಲಕ್ಕೆ ಸುರಿಯುತ್ತಿದ್ದರು. ಕೆಲವರು ಸುಳ್ಳು ಹೇಳಿ ಹೆಚ್ಚು ಒಯ್ದಿರಬಹುದು. ಅವರಿಗೆ ಅದು ಚೀಲ ಎತ್ತಿಕೊಡುವಾಗ ಕೈಗೆ ತಿಳಿದಿರಲೂಬಹುದು. ಯಾರನ್ನೂ ಕೇಳಲಿಲ್ಲ. ಹಾಗೆಯೇ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಆ ಅಂಗಡಿ ನಡೆಯಿತು. ಅಕ್ಕ ಕಂಡಿಕೆ ಸುತ್ತುವುದನ್ನು ಬಿಟ್ಟು ಬಂದಳು. ಚಾಪೆಯ ಮಾತು ಮತ್ತೆ ಏಳಲಿಲ್ಲ.

ನಾನು ವರ್ಗವಾಗಿ ಮುಧೋಳಕ್ಕೆ ಹೋಗುವವರೆಗೆ ಅಲ್ಲಿಂದಲೇ ಸಾಮಾನು ತರುತ್ತಿದ್ದೆ. ಪ್ರತಿ ಸಲವೂ ಕಾಕಾ ನನ್ನನ್ನೂ ಕೇಳುತ್ತಿದ್ದರು, "ನೋಡ್ರಿ ಮಾಸ್ತರ, ಸಮ ಐತಿ?"

"ಸಮ ಐತ್ರಿ ಕಾಕಾ," ಎನ್ನುತ್ತಿದ್ದೆ.

ಆಗ ಅವರು ಬಲಗೈ ಎತ್ತಿ ಹೆಬ್ಬೆರಳಿನಿಂದ ಮುಳ್ಳನ್ನು ಒಂದು ಸಲ ಮುಟ್ಟುತ್ತಿದ್ದರು. ಬೆರಳು ತೆಗೆದು, ಕಾದು, ಮತ್ತೊಂದು ಸಲ ಮುಟ್ಟುತ್ತಿದ್ದರು. ಆಮೇಲೆಯೇ ಚೀಲಕ್ಕೆ ಸುರಿಯುತ್ತಿದ್ದರು. ಬೇರೆ ಯಾವ ಗಿರಾಕಿಗೂ ಹಾಗೆ ಮಾಡಿದ್ದನ್ನು ನಾನು ಕಾಣಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಕಾಕಾ ಈಗಿಲ್ಲ, ಅಕ್ಕನೂ ಇಲ್ಲ. ಸಾಹೇಬರು ವರ್ಗವಾಗಿ ಎಲ್ಲಿಗೆ ಹೋದರೋ ತಿಳಿಯದು. ಆ ಬುಧವಾರ ಎದುರು ಕಟ್ಟೆಯ ಮೇಲೆ ಕುಳಿತಿದ್ದ ಸಿಂಪಿಗ ಇದ್ದಾನೆ. ಮಶಿನ್ ಬಿಟ್ಟಿದ್ದಾನೆ, ಕಟ್ಟೆ ಬಿಟ್ಟಿಲ್ಲ. ಬೇಳೆ ಕೇಳಿದ ಹೆಣ್ಣುಮಗಳು ರಬಕವಿಯಲ್ಲಿ ಮಗನ ಮನೆಯಲ್ಲಿ ಇದ್ದಾಳೆ. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಾಗ, ನಾನು ಕೇಳದೆಯೇ ಹೇಳಿದಳು, "ಕಾಕಾ ಎರಡ ಸಲ ಕೇಳಿದ್ರು ನೋಡ್ರಿ ಮಾಸ್ತರ, ಯಾರ ನಿಂತೀರಿ ಅಂತ. ನಾನೂ ಹೇಳಲಿಲ್ಲ, ನೀವೂ ಹೇಳಲಿಲ್ಲ."